ಕಾನ್‌ಸ್ಟಾಂಟಿನೋಪಲ್ ಬಿದ್ದಿದ್ದಕ್ಕೇ ಪೋರ್ಚುಗೀಸರು ಬಂದರಾ?

ಪ್ರಶ್ನೆ: ಮಗಳು ಈ ವರ್ಷ ಹತ್ತನೇ ಕ್ಲಾಸು. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಹಿಡಿದರು, ಜಾಸ್ತಿ ತೆರಿಗೆ ಹಾಕಿದರು, ಯುರೋಪಿಗೆ ಮೆಣಸು ಹೋಗುವ ದಾರಿ ಕಟ್ಟಿಹೋಯಿತು, ಅದಕ್ಕೇ ಪೋರ್ಚುಗೀಸರು ಹೊಸ ಜಲಮಾರ್ಗ ಹುಡುಕಿಕೊಂಡು ಭಾರತಕ್ಕೆ ಬಂದರು ಅಂತ ಅವಳ ಪಾಠದಲ್ಲಿದೆ. ನಾನು ಓದುವಾಗಲೂ ಇದೇ ಇತ್ತು. ಮೊನ್ನೆ ಅವಳು ಮ್ಯಾಪ್ ಹಿಡಿದುಕೊಂಡು ಬಂದಳು. “ಅಮ್ಮ, ಕ್ಯಾಲಿಕಟ್‌ನಿಂದ ವೆನಿಸ್‌ಗೆ ಹೋಗೋಕೆ ಕಾನ್‌ಸ್ಟಾಂಟಿನೋಪಲ್ ದಾರೀಲಿ ಸಿಗೋದೇ ಇಲ್ವಲ್ಲ?” ಅಂದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಪಾಠದಲ್ಲಿರುವುದು ಸರಿಯಾ? ಪರೀಕ್ಷೆಯಲ್ಲಿ ಏನು ಬರೆಯಬೇಕು?

ಉತ್ತರ: ಮೊದಲು ನಿಮ್ಮ ಮಗಳಿಗೆ ಒಂದು ಶಹಬ್ಬಾಸ್ ಹೇಳಿಬಿಡಿ. ಅವಳ ಬೆರಳು ಸರಿಯಾದ ಜಾಗಕ್ಕೇ ಹೋಗಿದೆ. ನಾನು ಇದೇ ಪಾಠ ಓದಿ, ಪರೀಕ್ಷೆ ಬರೆದು, ಆಮೇಲೆ ಎಷ್ಟೋ ವರ್ಷ ಹಾಗೇ ಪಾಠ ಮಾಡಿದವನು. ಮ್ಯಾಪ್ ತೆಗೆದು ನೋಡಬೇಕು ಅಂತ ನನಗೆ ಹೊಳೆದದ್ದು ಬಹಳ ತಡವಾಗಿ.

ಕಾನ್‌ಸ್ಟಾಂಟಿನೋಪಲ್, ಅಂದರೆ ಇವತ್ತಿನ ಇಸ್ತಾಂಬುಲ್, ಬಿದ್ದದ್ದು ನಿಜ. 1453ರ ಮೇ 29 ಎಂಬ ತಾರೀಖೂ ನಿಜ. ಮೆಣಸಿನ ದಾರಿ ಮುಚ್ಚಿಹೋಯಿತು ಎನ್ನುವುದು ಮಾತ್ರ ನಿಜವಲ್ಲ. ಯಾಕೆಂದರೆ ಆ ದಾರಿ ಅಲ್ಲಿ ಹಾದುಹೋಗುತ್ತಲೇ ಇರಲಿಲ್ಲ.

ಆ ಕಾಲದಲ್ಲಿ ಮಲಬಾರಿನಿಂದ, ನಮ್ಮ ಕರಾವಳಿಯಿಂದ ಹೊರಟ ಕಾಳುಮೆಣಸು ಎಲ್ಲಿಗೆ ಹೋಗುತ್ತಿತ್ತು ನೋಡೋಣ. ದೊಡ್ಡ ದಾರಿ ಕೆಂಪು ಸಮುದ್ರದ್ದು. ಹಡಗು ಅರಬ್ಬೀ ಸಮುದ್ರ ದಾಟಿ ಏಡನ್‌ಗೆ, ಅಲ್ಲಿಂದ ಜಿದ್ದಾ ಕಡೆಗೆ. ಆಮೇಲೆ ಸರಕು ಕೈರೋಗೆ ಬಂದು, ನೈಲ್ ನದಿಯ ದೋಣಿಗಳಲ್ಲಿ ಅಲೆಕ್ಸಾಂಡ್ರಿಯಾ ಬಂದರಿಗೆ ಇಳಿಯುತ್ತಿತ್ತು. ಅಲ್ಲಿ ವೆನಿಸ್‌ನ ಹಡಗುಗಳು ಕಾದು ನಿಂತಿರುತ್ತಿದ್ದವು. ಇನ್ನೊಂದು ದಾರಿ ಪರ್ಷಿಯಾ ಕೊಲ್ಲಿಯದು. ಹೊರ್ಮುಜ್, ಬಸ್ರಾ, ಅಲ್ಲಿಂದ ಒಂಟೆಯ ಮೇಲೆ ಅಲೆಪ್ಪೊ, ಡಮಾಸ್ಕಸ್, ಕೊನೆಗೆ ಬೈರೂತ್ ಬಂದರು. ಅಲ್ಲೂ ಕೊಳ್ಳುವವರು ಹೆಚ್ಚಾಗಿ ವೆನಿಸ್‌ನವರೇ. ಅಲೆಕ್ಸಾಂಡ್ರಿಯಾದಿಂದ ಕಾನ್‌ಸ್ಟಾಂಟಿನೋಪಲ್ ಸಾವಿರ ಕಿಲೋಮೀಟರಿಗಿಂತ ದೂರ. ಮಂಗಳೂರಿನಿಂದ ಬೆಂಗಳೂರಿಗೆ ಹೊರಟವರು ಪುಣೆಗೆ ಹೋಗಿ ಬರುತ್ತಾರಾ?

ಈ ಎರಡೂ ದಾರಿಗಳ ಬಾಗಿಲು ಯಾರ ಕೈಯಲ್ಲಿತ್ತು? ತುರ್ಕರ ಕೈಯಲ್ಲಲ್ಲ. ಈಜಿಪ್ಟ್ ಮತ್ತು ಸಿರಿಯಾವನ್ನು ಆಳುತ್ತಿದ್ದವರು ಮಮ್ಲೂಕ್ ಸುಲ್ತಾನರು. ಆಟೋಮನ್ ಸುಲ್ತಾನ ಒಂದನೇ ಸಲೀಮ್ ಸಿರಿಯಾವನ್ನು ಗೆದ್ದದ್ದು 1516ರಲ್ಲಿ, ಕೈರೋ ಹಿಡಿದದ್ದು 1517ರಲ್ಲಿ. ವಾಸ್ಕೋ ಡ ಗಾಮಾ ಕ್ಯಾಲಿಕಟ್ ತಲುಪಿದ್ದು 1498ರ ಮೇ ತಿಂಗಳಲ್ಲಿ. ಅಂದರೆ ಮೆಣಸಿನ ಬಾಗಿಲು ತುರ್ಕರ ಕೈಗೆ ಸಿಗುವ 19 ವರ್ಷ ಮೊದಲೇ ಪೋರ್ಚುಗೀಸರು ಇಲ್ಲಿಗೆ ಬಂದಾಗಿತ್ತು. ಇಷ್ಟು ಹೇಳಿದರೆ ನಿಮ್ಮ ಮಗಳಿಗೆ ಸಾಕಾಗಬಹುದು. ಆದರೆ ಕಥೆ ಇದಕ್ಕಿಂತ ರುಚಿಯಾಗಿದೆ.

ಹಾಗಾದರೆ ಆ ಊರಿಗೆ ಯುರೋಪಿನ ವ್ಯಾಪಾರದ ಹೆಬ್ಬಾಗಿಲು ಅಂತ ಹೆಸರು ಸುಮ್ನೆ ಬಂತಾ? ಇಲ್ಲ. ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 330ರಲ್ಲಿ ಬಾಸ್ಫರಸ್ ಜಲಸಂಧಿಯ ದಡದಲ್ಲಿ ಅದನ್ನು ಹೊಸ ರಾಜಧಾನಿ ಮಾಡಿದ. ಒಂದು ಕಡೆ ಕಪ್ಪು ಸಮುದ್ರ, ಇನ್ನೊಂದು ಕಡೆ ಮೆಡಿಟರೇನಿಯನ್. ನಡುವಿನ ಗಂಟಲಲ್ಲಿ ಈ ಊರು. ಆರನೇ ಶತಮಾನದಲ್ಲಿ ಅಲ್ಲಿ ನಾಲ್ಕೈದು ಲಕ್ಷ ಜನ ಇದ್ದರು ಅಂತ ಅಂದಾಜು. ರೇಷ್ಮೆ, ತುಪ್ಪಳ, ಗುಲಾಮರು, ಧಾನ್ಯ, ಮಸಾಲೆ, ಎಲ್ಲವೂ ಅಲ್ಲಿ ಸಿಗುತ್ತಿತ್ತು.

ಮಂಗೋಲರ ಕಾಲದಲ್ಲಿ ಕಪ್ಪು ಸಮುದ್ರದ ದಾರಿಗೆ ಇನ್ನೊಂದು ಸುತ್ತು ಜೀವ ಬಂತು. 1291ರಲ್ಲಿ ಕ್ರುಸೇಡಿನವರ, ಅಂದರೆ ಧರ್ಮಯುದ್ಧಕ್ಕೆ ಬಂದ ಯುರೋಪಿನ ಕ್ರೈಸ್ತರ, ಕೊನೆಯ ದೊಡ್ಡ ಕೋಟೆ ಆಕ್ರ್ ಮಮ್ಲೂಕರ ಪಾಲಾಯಿತು. ಸಿಟ್ಟಿಗೆದ್ದ ಪೋಪರು ಈಜಿಪ್ಟ್ ಜೊತೆ ವ್ಯಾಪಾರ ಮಾಡಬೇಡಿ ಅಂದರು. ವ್ಯಾಪಾರಿಗಳು ಪರ್ಷಿಯಾದ ತಬ್ರೀಜ್, ಕಪ್ಪು ಸಮುದ್ರದ ದಡದ ಟ್ರೆಬಿಜಾಂಡ್ ಮತ್ತು ಕಾಫಾ ಕಡೆಗೆ ತಿರುಗಿಕೊಂಡರು. ಆದರೆ ಆ ಹೊಳಪು ಬಹಳ ದಿನ ಉಳಿಯಲಿಲ್ಲ. 1335ರ ಹೊತ್ತಿಗೆ ಪರ್ಷಿಯಾದ ಮಂಗೋಲ್ ರಾಜ್ಯ ಒಡೆಯಿತು. 1345ರಲ್ಲಿ ವೆನಿಸ್‌ನವರು ಪೋಪರಿಂದ ಅಪ್ಪಣೆ ಪಡೆದು ಮತ್ತೆ ಅಲೆಕ್ಸಾಂಡ್ರಿಯಾಕ್ಕೆ ಹಡಗು ಬಿಟ್ಟರು. 1368ರಲ್ಲಿ ಚೀನಾದಿಂದಲೂ ಮಂಗೋಲರು ಹೊರಬಿದ್ದರು. 1395ರಲ್ಲಿ ತೈಮೂರ್ ಅಜೋವ್ ಸಮುದ್ರದ ದಡದ ತಾನಾ ಎಂಬ ವ್ಯಾಪಾರದ ಊರನ್ನು ಹಾಳುಗೆಡವಿದ. ಆ ದಾರಿ ಸೊರಗಿದ್ದು 1453ಕ್ಕಿಂತ ಬಹಳ ಮೊದಲು. ಅದನ್ನು ಸೊರಗಿಸಿದವರಲ್ಲಿ ಆಟೋಮನ್ನರ ಹೆಸರೇ ಇಲ್ಲ.

ಇನ್ನು ಊರಿನ ಸ್ಥಿತಿ. ಅದನ್ನು ಮೊದಲು ದೋಚಿದವರು ಮುಸ್ಲಿಮರಲ್ಲ, ಕ್ರೈಸ್ತರು. 1204ರಲ್ಲಿ ನಾಲ್ಕನೇ ಕ್ರುಸೇಡಿನ ಸೈನಿಕರು ಜೆರುಸಲೇಮಿಗೆ ಅಂತ ಹೊರಟು, ವೆನಿಸ್‌ನ ಹಡಗುಗಳಲ್ಲಿ ಬಂದು, ಈ ಊರನ್ನೇ ಲೂಟಿ ಮಾಡಿದರು. 1261ರಲ್ಲಿ, ಅಲ್ಲಿ ಹಿಂದೆ ಆಳುತ್ತಿದ್ದ ಗ್ರೀಕ್ ಚಕ್ರವರ್ತಿಗಳು ಮತ್ತೆ ಊರು ಪಡೆದರು. ಹಳೆಯ ಗತ್ತು ಮಾತ್ರ ಮರಳಲಿಲ್ಲ. ಗೋಲ್ಡನ್ ಹಾರ್ನ್ ಎಂಬ ಹಿನ್ನೀರಿನ ಆಚೆ ದಡದಲ್ಲಿ ಗಲಾಟಾ ಅಂತ ಒಂದು ಪೇಟೆ ಇದೆ. ಆಗ ಅದು ಇಟಲಿಯ ಇನ್ನೊಂದು ವ್ಯಾಪಾರಿ ನಗರವಾದ ಜಿನೋವಾದವರದು. 14ನೇ ಶತಮಾನದ ಗ್ರೀಕ್ ಇತಿಹಾಸಕಾರ ಗ್ರೆಗೊರಾಸ್ ಒಂದು ಲೆಕ್ಕ ಬರೆದಿಟ್ಟಿದ್ದಾನೆ. ಗಲಾಟಾದ ಸುಂಕದ ಕಟ್ಟೆಗೆ ವರ್ಷಕ್ಕೆ 2 ಲಕ್ಷ ಚಿನ್ನದ ನಾಣ್ಯ ಬರುತ್ತಿತ್ತಂತೆ. ಈಚೆ ದಡದಲ್ಲಿ ಚಕ್ರವರ್ತಿಯ ಕಟ್ಟೆಗೆ ಬರುತ್ತಿದ್ದದ್ದು 30 ಸಾವಿರ. ಮನೆ ಯಜಮಾನನಿಗಿಂತ ಬಾಡಿಗೆದಾರನ ಸಂಪಾದನೆ ಜಾಸ್ತಿ.

1453ರಲ್ಲಿ ಅಲ್ಲಿ ಉಳಿದಿದ್ದವರು ಸುಮಾರು 50 ಸಾವಿರ ಜನ. ಗೋಡೆಯ ಒಳಗೇ ಹೊಲ, ತೋಟ ಎದ್ದಿದ್ದವು. ಏಳೆಂಟು ಸಾವಿರ ಮಂದಿ ಕಾವಲಿಗಿದ್ದರು. ಅವರಲ್ಲಿ ಜಿನೋವಾದ ಜುಸ್ತಿನಿಯಾನಿ ಎಂಬ ಸೇನಾನಿ ಕರೆತಂದ 700 ಜನರೂ ಸೇರಿದ್ದರು. ಎದುರಿಗೆ 21 ವರ್ಷದ ಸುಲ್ತಾನ ಎರಡನೇ ಮೆಹಮದ್. ಹಂಗೇರಿಯ ಉರ್ಬನ್ ಎಂಬವನು ಅವನಿಗೆ ದೊಡ್ಡ ಫಿರಂಗಿ ಎರಕ ಹೊಯ್ದು ಕೊಟ್ಟ. ಅವನು ಮೊದಲು ಹೋಗಿ ಕೆಲಸ ಕೇಳಿದ್ದು ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿಯ ಹತ್ತಿರ. ಅಲ್ಲಿ ಸಂಬಳ ಕೊಡಲು ದುಡ್ಡಿರಲಿಲ್ಲ. ಹಿನ್ನೀರಿನ ಬಾಯಿಗೆ ಅಡ್ಡಲಾಗಿ ದೊಡ್ಡ ಸರಪಳಿ ಕಟ್ಟಿದ್ದರು. ಮೆಹಮದ್ ಏಪ್ರಿಲ್ 22ರಂದು ಗಲಾಟಾದ ಹಿಂದಿನ ಗುಡ್ಡದ ಮೇಲೆ ಸುಮಾರು 70 ಹಡಗುಗಳನ್ನು ಎಳೆಸಿ, ಸರಪಳಿಯ ಒಳಕ್ಕೇ ಇಳಿಸಿಬಿಟ್ಟ. ಅಡಿಯಲ್ಲಿ ಕೊಬ್ಬು ಬಳಿದ ಮರದ ದಿಮ್ಮಿಗಳು, ಎಳೆಯಲು ಎತ್ತು ಮತ್ತು ಆಳುಗಳು. 53 ದಿನದ ಮುತ್ತಿಗೆಯ ಕೊನೆಗೆ, ಒಂದು ಮಂಗಳವಾರ ಬೆಳಗ್ಗೆ ಊರು ಬಿತ್ತು. ಕೊನೆಯ ಚಕ್ರವರ್ತಿ ಹನ್ನೊಂದನೇ ಕಾನ್‌ಸ್ಟಂಟೈನ್ ಹೋರಾಡುತ್ತಲೇ ಸತ್ತ. ಅವತ್ತಿನ ಲೂಟಿ, ಸಾವು, ಗುಲಾಮಗಿರಿ ಸಣ್ಣದಲ್ಲ. ದಾರಿ ಮುಚ್ಚಲಿಲ್ಲ ಅಂತ ಹೇಳಲು ಹೋಗಿ ಅದನ್ನು ಮರೆಯಬಾರದು.

ಈಗ ತೆರಿಗೆಯ ವಿಷಯಕ್ಕೆ ಬರೋಣ. ಪಾಠದ ಕಥೆಯ ಕೀಲು ಇರುವುದು ಇಲ್ಲೇ.

ಊರು ಗೆದ್ದ ಮೂರೇ ದಿನಕ್ಕೆ, ಜೂನ್ 1ರಂದು, ಮೆಹಮದ್ ಗಲಾಟಾದ ಜಿನೋವಾದವರಿಗೆ ಒಂದು ಕೌಲು ಬರೆದುಕೊಟ್ಟ. ನಿಮ್ಮ ಮನೆ, ಅಂಗಡಿ, ಚರ್ಚು ನಿಮ್ಮದೇ, ಸುಂಕ ಕಟ್ಟಿ ವ್ಯಾಪಾರ ಮಾಡಿಕೊಳ್ಳಿ ಅಂತ. 1454ರ ಏಪ್ರಿಲ್‌ನಲ್ಲಿ ವೆನಿಸ್ ಜೊತೆಗೂ ಒಪ್ಪಂದ ಆಯಿತು. ಅದರಲ್ಲಿ ಗೊತ್ತುಮಾಡಿದ ಸುಂಕ ನೂರಕ್ಕೆ 2. ಹೌದು, ಬರೀ ಎರಡು. ಮೆಹಮದ್ ಎಂಥ ಮೂಢ ಆಗಿದ್ದರೂ, ಖಾಲಿ ಬಿದ್ದ ಊರನ್ನು ಗೆದ್ದು ವ್ಯಾಪಾರಿಗಳನ್ನು ಓಡಿಸುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ತುಂಬಿದ ರಾಜಧಾನಿ. ಬೇರೆ ಬೇರೆ ಊರುಗಳಿಂದ ಗ್ರೀಕರು, ಅರ್ಮೇನಿಯನ್ನರು, ಯಹೂದಿಗಳು, ಮುಸ್ಲಿಮರನ್ನು ತಂದು ಕೂರಿಸಿದ. ಕೆಲವರನ್ನು ಬಲವಂತವಾಗಿಯೇ. ಇವತ್ತು ಇಸ್ತಾಂಬುಲ್‌ಗೆ ಹೋದವರೆಲ್ಲ ಸುತ್ತಿ ಬರುವ ಆ ಮುಚ್ಚಿದ ಬಜಾರಿಗೆ ಅಡಿಪಾಯ ಬಿದ್ದದ್ದೂ ಅವನ ಕಾಲದಲ್ಲೇ.

ವೆನಿಸ್‌ನವರಿಗೆ ಆ ನೂರಕ್ಕೆ 2ರ ಸುಂಕವೂ ಭಾರವೇ ಅನ್ನಿಸಿರಬಹುದು. ಯಾಕೆ ಗೊತ್ತಾ? ಅದಕ್ಕೆ ಮೊದಲು ಅವರು ಏನೂ ಕಟ್ಟುತ್ತಿರಲಿಲ್ಲ. 1082ರಲ್ಲಿ ಚಕ್ರವರ್ತಿ ಅಲೆಕ್ಸಿಯೊಸ್ ಯುದ್ಧದಲ್ಲಿ ವೆನಿಸ್‌ನ ನೌಕಾಪಡೆಯ ಸಹಾಯ ಪಡೆಯುವುದಕ್ಕಾಗಿ ಅವರಿಗೆ ಸುಂಕವನ್ನೇ ಮಾಫಿ ಮಾಡಿದ್ದ. ಉಳಿದವರು ನೂರಕ್ಕೆ 10 ಕಟ್ಟುತ್ತಿದ್ದರು. ತನ್ನದೇ ಊರಿನ ವ್ಯಾಪಾರಿಗೆ ಹತ್ತು, ಹೊರಗಿನವನಿಗೆ ಸೊನ್ನೆ. ಸಾಮ್ರಾಜ್ಯ ಒಳಗಿಂದ ಬಡವಾದದ್ದು ಹೀಗೂ ಹೌದು. ನನ್ನ ಮಟ್ಟಿಗೆ ಆ ಊರಿನ ಪತನದ ಕಥೆ ಶುರುವಾಗಬೇಕಾದದ್ದು ಫಿರಂಗಿಯಿಂದಲ್ಲ, ಈ 1082ರ ಕಾಗದದಿಂದ.

ಮೆಣಸಿನ ಮೇಲೆ ನಿಜವಾಗಿ ಬೆಲೆ ಏರಿಸಿದ ಒಬ್ಬ ಸುಲ್ತಾನ ಇದ್ದಾನೆ. ಅವನು ಕೈರೋದವನು. 1422ರಿಂದ 1438ರವರೆಗೆ ಆಳಿದ ಮಮ್ಲೂಕ್ ಸುಲ್ತಾನ ಬರ್ಸ್‌ಬಾಯ್. ಮೆಣಸಿನ ವ್ಯಾಪಾರವನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡು, ತಾನು ಹೇಳಿದ ಬೆಲೆಗೇ ಕೊಳ್ಳಿ ಅಂದ. ವೆನಿಸ್‌ನವರು ಜಗಳ ಆಡಿದರು, ಬೈದುಕೊಂಡರು, ಕೊಂಡರು. ಇದು ನಡೆದದ್ದು 1453ಕ್ಕೆ ಇಪ್ಪತ್ತು ವರ್ಷ ಮೊದಲು. 1915ರಲ್ಲೇ ಅಮೆರಿಕದ ಇತಿಹಾಸಕಾರ ಆಲ್ಬರ್ಟ್ ಲೈಬಯರ್ ಯುರೋಪಿನ ಮಸಾಲೆ ಬೆಲೆಗಳನ್ನು ಪರಿಶೀಲಿಸಿದ್ದರು. 1453ರ ನಂತರ ಬೆಲೆ ಗಗನಕ್ಕೆ ಏರಿದ ಗುರುತು ಅವರಿಗೆ ಕಾಣಲಿಲ್ಲ. ದಾರಿ ಕಟ್ಟಿಹೋಗಿದ್ದರೆ ಪೇಟೆಯ ಬೆಲೆಯಲ್ಲಿ ಅದು ಕಾಣಲೇಬೇಕಿತ್ತು, ಅಲ್ವಾ? ಈ ಮಾತು ಬಂದು ನೂರು ವರ್ಷ ದಾಟಿದೆ. ಪಠ್ಯಪುಸ್ತಕಗಳಿಗೆ ಇನ್ನೂ ತಲುಪಿಲ್ಲ.

ಈಗ ನನಗೆ ಅತ್ಯಂತ ಇಷ್ಟವಾದ ಸಾಕ್ಷಿ ಹೇಳುತ್ತೇನೆ. ಅದು ನಮ್ಮ ಬೀದರಿನದು.

ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ ನಿಮಗೆ ಗೊತ್ತಿರಬೇಕು. ಬೀದರಿನಲ್ಲಿ ಅವನು 1472ರಲ್ಲಿ ಕಟ್ಟಿಸಿದ ಮದರಸಾ ಇವತ್ತಿಗೂ ಅರ್ಧ ನಿಂತಿದೆ. ಅವನು ಕ್ಯಾಸ್ಪಿಯನ್ ಸಮುದ್ರದ ದಡದ ಗಿಲಾನ್ ಪ್ರಾಂತ್ಯದವನು. ಹೆಚ್ಚುಕಡಿಮೆ ಅದೇ 1453ರ ಹೊತ್ತಿಗೆ ವ್ಯಾಪಾರಿಯಾಗಿ ದಾಭೋಳ್ ಬಂದರಿನಲ್ಲಿ ಇಳಿದು ಬೀದರಿಗೆ ಬಂದ. ಮಂತ್ರಿಯಾದ ಮೇಲೂ ವ್ಯಾಪಾರ ಬಿಡಲಿಲ್ಲ. ಆಟೋಮನ್ ಸುಲ್ತಾನ ಮೆಹಮದ್‌ಗೆ, ಕಾನ್‌ಸ್ಟಾಂಟಿನೋಪಲ್ ಗೆದ್ದ ಅದೇ ಮೆಹಮದ್‌ಗೆ, ಅವನು ಬರೆದ ಪತ್ರಗಳು ಉಳಿದಿವೆ. ಅಷ್ಟೇ ಅಲ್ಲ. ಆಟೋಮನ್ನರ ದೊಡ್ಡ ವ್ಯಾಪಾರದ ಊರಾದ ಬುರ್ಸಾದಲ್ಲಿ ಕಾಜಿಯ ಕಚೇರಿಯ ಕಡತಗಳಿವೆ. ಅವುಗಳಲ್ಲಿ ಗವಾನನ ಗುಮಾಸ್ತರು ಭಾರತದ ಬಟ್ಟೆ ತಂದು ಮಾರಿದ ದಾಖಲೆ ಸಿಕ್ಕಿದೆ. 1453 ಕಳೆದು ಇಪ್ಪತ್ತೈದು ವರ್ಷ ಆದಮೇಲಿನ ಮಾತು ಇದು. ದಾರಿ ಕಟ್ಟಿಹೋಗಿದ್ದರೆ ಬೀದರಿನ ಗುಮಾಸ್ತ ಬುರ್ಸಾದಲ್ಲಿ ಬಟ್ಟೆ ಬಿಚ್ಚಿ ತೋರಿಸುತ್ತಾ ಕೂರುವುದು ಹೇಗೆ?

ಅದೇ ಕಾಲದಲ್ಲಿ ಬೀದರಿಗೆ ಒಬ್ಬ ರಷ್ಯನ್ ಬಂದಿದ್ದ. ಟ್ವೆರ್ ಊರಿನ ಅಫನಾಸಿ ನಿಕಿತಿನ್. ವೋಲ್ಗಾ ನದಿ, ಕ್ಯಾಸ್ಪಿಯನ್ ಸಮುದ್ರ, ಪರ್ಷಿಯಾ, ಹೊರ್ಮುಜ್, ಅಲ್ಲಿಂದ ಹಡಗು ಹತ್ತಿ ಚೌಲ್. ಹೋಗುವ ದಾರಿಯಲ್ಲೇ ದರೋಡೆಯಾಗಿ ಎಲ್ಲ ಕಳೆದುಕೊಂಡಿದ್ದ. ಲಾಭ ಬರುತ್ತೆ ಅಂತ ಒಂದು ಕುದುರೆ ತಂದಿದ್ದ. ಜುನ್ನರದಲ್ಲಿ ಅಲ್ಲಿಯ ಅಧಿಕಾರಿ ಅದನ್ನೂ ಕಿತ್ತುಕೊಂಡು, ಮತಾಂತರ ಆದರೆ ಕೊಡುತ್ತೇನೆ ಅಂದ. ಹೇಗೋ ಬಿಡಿಸಿಕೊಂಡು ಬೀದರಿನಲ್ಲಿ ಮಾರಿದ. ವಾಪಸ್ಸು ಹೋಗುವಾಗ ಅವನು ಹಡಗು ಹತ್ತಿದ್ದು ಟ್ರೆಬಿಜಾಂಡಿನಲ್ಲಿ. ಆ ಊರನ್ನು ಆಟೋಮನ್ನರು 1461ರಲ್ಲೇ ಗೆದ್ದಿದ್ದರು. ಅಲ್ಲಿ ಅಧಿಕಾರಿಗಳು ಅವನ ಗಂಟುಮೂಟೆ ಜಾಲಾಡಿದರು. ಅವರ ಶತ್ರುವಾದ ಪರ್ಷಿಯಾದ ದೊರೆ ಉಜುನ್ ಹಸನ್‌ನ ಪಾಳೆಯದ ಕಡೆಯಿಂದ ಬಂದವನು ಇವನು, ಕಾಗದಪತ್ರ ಏನಾದರೂ ಹೊತ್ತಿದ್ದಾನಾ ಅನ್ನುವ ಅನುಮಾನ. ಕಾಟ ಕೊಟ್ಟರು, ನಿಜ. ಆದರೆ ಅವನು ಕಪ್ಪು ಸಮುದ್ರ ದಾಟಿದ, ಕಾಫಾ ಸೇರಿದ.

ಇನ್ನು ಪೋರ್ಚುಗೀಸರು. ಅವರು ಯಾಕೆ ಬಂದರು ಅಂತ ತಿಳಿಯಬೇಕಾದರೆ ಅವರು ಯಾವಾಗ ಹೊರಟರು ಅಂತ ನೋಡಬೇಕು. ಉತ್ತರ ಆಫ್ರಿಕಾದ ಸಿಯೂಟಾ ಹಿಡಿದದ್ದು 1415ರಲ್ಲಿ. ಆಗ ಸುಲ್ತಾನ ಮೆಹಮದ್ ಇನ್ನೂ ಹುಟ್ಟಿರಲಿಲ್ಲ. ಅವನು ಹುಟ್ಟಿದ್ದು 1432ರಲ್ಲಿ. ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ನಾವಿಕರು ಹೆದರುತ್ತಿದ್ದ ಬೊಜಾಡೊರ್ ಭೂಶಿರ ದಾಟಿದ್ದು 1434ರಲ್ಲಿ. 1444ರಲ್ಲಿ ಪೋರ್ಚುಗಲ್‌ನ ಲಾಗೋಸ್ ಬಂದರಿನಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಸಾಲಾಗಿ ನಿಲ್ಲಿಸಿ ಹಂಚಿಕೊಂಡರು. ಅವರಿಗೆ ಆಗ ಬೇಕಾಗಿದ್ದದ್ದು ಮೆಣಸಲ್ಲ. ಪಶ್ಚಿಮ ಆಫ್ರಿಕಾದ ಚಿನ್ನ, ಗುಲಾಮರು, ಮೊರೊಕ್ಕೊದ ಮುಸ್ಲಿಮರ ಮೇಲೆ ಯುದ್ಧ, ಮತ್ತು ಎಲ್ಲೋ ದೂರದಲ್ಲಿ ಇದ್ದಾನೆಂದು ನಂಬಿದ್ದ ಕ್ರೈಸ್ತ ರಾಜ ಪ್ರೆಸ್ಟರ್ ಜಾನ್. ಭಾರತದ ಮಾತು ಗಟ್ಟಿಯಾದದ್ದು 1480ರ ದಶಕದಲ್ಲಿ, ಎರಡನೇ ಜೊವಾಂವ್ ರಾಜನ ಕಾಲಕ್ಕೆ.

ಆ ರಾಜ 1487ರಲ್ಲಿ ಏನು ಮಾಡಿದ ನೋಡಿ. ಒಂದು ಕಡೆ ಬಾರ್ತೊಲೊಮೆವ್ ಡಯಾಸ್‌ನನ್ನು ಆಫ್ರಿಕಾ ಸುತ್ತಲು ಕಳಿಸಿದ. ಇನ್ನೊಂದು ಕಡೆ ಪೆರೊ ದ ಕೊವಿಲ್ಯಾ ಎಂಬ ಗೂಢಚಾರನನ್ನು ಹಳೇ ದಾರಿಯಲ್ಲೇ ಕಳಿಸಿದ. ಅರಬಿ ಚೆನ್ನಾಗಿ ಬಲ್ಲ ಈ ಮನುಷ್ಯ ಜೇನುತುಪ್ಪದ ವ್ಯಾಪಾರಿಯ ವೇಷದಲ್ಲಿ ಅಲೆಕ್ಸಾಂಡ್ರಿಯಾ, ಕೈರೋ, ಏಡನ್ ದಾಟಿ ಕಣ್ಣೂರಿಗೆ ಬಂದ. ಕ್ಯಾಲಿಕಟ್ ನೋಡಿದ. ಗೋವಾ ನೋಡಿದ. ಗಾಮಾ ಬರುವ ಹತ್ತು ವರ್ಷ ಮೊದಲು, ಮುಚ್ಚಿದ ದಾರಿಯಲ್ಲಿ! ವೇಷ ಹಾಕಬೇಕಾಯಿತು ಅನ್ನುವುದು ಬೇರೆ ಮಾತು. ದಾರಿ ತೆರೆದೇ ಇತ್ತು, ಅದು ಬೇರೆಯವರ ಕೈಯಲ್ಲಿತ್ತು. ಪೋರ್ಚುಗೀಸರ ತಲೆನೋವು ಅದೇ. ಮೆಣಸಿನ ಲಾಭ ಕೈರೋದ ಸುಲ್ತಾನನಿಗೂ ವೆನಿಸ್‌ನ ಸಾಹುಕಾರರಿಗೂ ಹೋಗುತ್ತಿತ್ತು. ನಡುವಿನ ದಲ್ಲಾಳಿಗಳನ್ನು ಬಿಟ್ಟು ನೇರ ಕೊಂಡರೆ ಎಷ್ಟು ಉಳಿಯುತ್ತೆ ಅನ್ನುವ ಲೆಕ್ಕ ಅವರದು. ನಮ್ಮ ಅಡಿಕೆ ಬೆಳೆಗಾರರು ಮಂಡಿಯ ಬಗ್ಗೆ ಹಾಕುವ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

1498ರಲ್ಲಿ ಗಾಮಾ ಕ್ಯಾಲಿಕಟ್ ಹತ್ತಿರ ಲಂಗರು ಹಾಕಿದಾಗ ತಾನು ಇಳಿಯಲಿಲ್ಲ. ಹಡಗಿನಲ್ಲಿದ್ದ ಒಬ್ಬ ಶಿಕ್ಷೆಗೊಳಗಾದ ಕೈದಿಯನ್ನು ಮೊದಲು ದಡಕ್ಕೆ ಕಳಿಸಿದ. ಊರಿನವರು ಅವನನ್ನು ಇಬ್ಬರು ಪರದೇಶಿಗಳ ಹತ್ತಿರ ಕರೆದುಕೊಂಡು ಹೋದರು. ಅವರು ಟ್ಯುನಿಸ್‌ನವರು. ಸ್ಪೇನಿನ ಭಾಷೆಯೂ ಜಿನೋವಾದ ಭಾಷೆಯೂ ಅವರಿಗೆ ಬರುತ್ತಿತ್ತು. ಇವನನ್ನು ನೋಡಿದ್ದೇ, ಹಾಳಾಗಿ ಹೋಗು, ನಿನ್ನನ್ನು ಇಲ್ಲಿಗೆ ಯಾರು ತಂದರು ಅಂತ ಕೇಳಿದರಂತೆ. ಕ್ರೈಸ್ತರನ್ನೂ ಮಸಾಲೆಯನ್ನೂ ಹುಡುಕಿಕೊಂಡು ಬಂದೆವು ಅಂತ ಇವನ ಉತ್ತರ. ಆ ಪ್ರಯಾಣದಲ್ಲಿದ್ದವನೊಬ್ಬನ ದಿನಚರಿಯಲ್ಲಿ ಇದಿದೆ. ಉತ್ತರವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಕೇಳಿದವರು. ಮೆಡಿಟರೇನಿಯನ್ ದಡದ ಇಬ್ಬರು ವ್ಯಾಪಾರಿಗಳು ಹಳೇ ದಾರಿಯಲ್ಲಿ ಬಂದು, ಆರಾಮಾಗಿ ಕ್ಯಾಲಿಕಟ್‌ನಲ್ಲಿ ಕೂತಿದ್ದರು.

ಸುದ್ದಿ ವೆನಿಸ್ ತಲುಪಿ, ಪೋರ್ಚುಗೀಸ್ ಹಡಗುಗಳು ಮೆಣಸು ಹೊತ್ತು ತಂದಿವೆ ಅಂತ 1501ರಲ್ಲಿ ಖಚಿತವಾದಾಗ ಅಲ್ಲಿಯವರ ಎದೆ ಒಡೆಯಿತು. ಪ್ರಿಯುಲಿ ಎಂಬ ಲೇವಾದೇವಿಯವನ ದಿನಚರಿ ಉಳಿದಿದೆ. ಈ ವ್ಯಾಪಾರ ಹೋದರೆ ವೆನಿಸ್ ಹಾಲಿಲ್ಲದ ಕೂಸಿನಂತೆ ಆಗುತ್ತದೆ ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. 1453ರಲ್ಲೇ ಹಾಲು ನಿಂತಿದ್ದರೆ ಕೂಸು 48 ವರ್ಷ ಬಿಟ್ಟು ಅಳುತ್ತದಾ?

ಆಮೇಲೆ ನಡೆದದ್ದು ಪಾಠದ ಕಥೆಯನ್ನೇ ತಲೆಕೆಳಗು ಮಾಡುತ್ತದೆ. ದಾರಿ ಮುಚ್ಚಲು ಹೊರಟವರು ಪೋರ್ಚುಗೀಸರು. ಅವರ ಮೆಣಸಿಗೆ ಬೆಲೆ ಬರಬೇಕಾದರೆ ಕೆಂಪು ಸಮುದ್ರದ ಮೆಣಸು ನಿಲ್ಲಬೇಕಿತ್ತು. ಅರಬ್ಬೀ ಸಮುದ್ರದಲ್ಲಿ ಯಾರೇ ಹಡಗು ಬಿಟ್ಟರೂ ತಮ್ಮಿಂದ ‘ಕಾರ್ತಾಜ್’ ಎಂಬ ರಹದಾರಿ ಚೀಟಿ ಪಡೆಯಬೇಕು ಅಂದರು. ಚೀಟಿ ಇಲ್ಲದ ಹಡಗು ಸಿಕ್ಕರೆ ಲೂಟಿ. ಎರಡನೇ ಸಲ ಬಂದ ಗಾಮಾ 1502ರಲ್ಲಿ ನಮ್ಮ ಭಟ್ಕಳದ ಮೇಲೆ ಬಿದ್ದು, ವರ್ಷವರ್ಷ ಅಕ್ಕಿಯ ಕಪ್ಪ ಕೊಡುವಂತೆ ಮಾಡಿದ. ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ 1510ರಲ್ಲಿ ಗೋವಾ, 1515ರಲ್ಲಿ ಹೊರ್ಮುಜ್ ಹಿಡಿದ. ಕೆಂಪು ಸಮುದ್ರದ ಬಾಯಿಗೆ ಬೀಗ ಹಾಕಲು 1513ರಲ್ಲಿ ಏಡನ್ ಮೇಲೆ ಹೋದ. ಗೋಡೆಗೆ ಇಟ್ಟ ಏಣಿಗಳು ಮುರಿದುಬಿದ್ದವು, ಬರಿಗೈಲಿ ವಾಪಸ್ಸಾದ. ಬೀಗ ಪೂರ್ತಿ ಬೀಳದೆ ಉಳಿದದ್ದು ಅದರಿಂದಲೇ.

ತೆರೆಯಲು ನಿಂತವರು ಯಾರು? ಆಟೋಮನ್ನರು. 1517ರ ನಂತರ ಈಜಿಪ್ಟಿನ ಸುಂಕದ ಕಟ್ಟೆ ಅವರದಾಯಿತು. ಮೆಣಸು ಬಂದಷ್ಟೂ ಅವರಿಗೆ ಲಾಭ. 1538ರಲ್ಲಿ ಸೂಯೆಜ್‌ನಿಂದ ದೊಡ್ಡ ನೌಕಾಪಡೆ ಕಟ್ಟಿಕೊಂಡು ದಿಯು ಕೋಟೆಯವರೆಗೂ ಬಂದರು. ಕೋಟೆ ಸಿಗಲಿಲ್ಲ. ಆದರೆ ಬರುವಾಗ ಏಡನ್ ಹಿಡಿದಿದ್ದರು. ಅಷ್ಟರಲ್ಲಿ ಸುಮಾತ್ರಾದ ಅಚೇ ರಾಜ್ಯದವರು ಪೋರ್ಚುಗೀಸರ ಕಣ್ಣು ತಪ್ಪಿಸಿ ನೇರ ಕೆಂಪು ಸಮುದ್ರಕ್ಕೆ ಮೆಣಸು ಸಾಗಿಸಲು ಕಲಿತಿದ್ದರು. ಲಂಚ ತಿಂದು ಕಣ್ಣು ಮುಚ್ಚುವ ಪೋರ್ಚುಗೀಸ್ ಅಧಿಕಾರಿಗಳಿಗೂ ಕೊರತೆ ಇರಲಿಲ್ಲ. 1560ರ ಹೊತ್ತಿಗೆ ವೆನಿಸ್‌ಗೆ ಹಳೇ ದಾರಿಯಲ್ಲಿ ಬರುತ್ತಿದ್ದ ಮೆಣಸು ಮತ್ತೆ ಮೊದಲಿನ ಮಟ್ಟ ಮುಟ್ಟಿತ್ತು.

ಹಾಗಂತ 1453ರಿಂದ ಏನೂ ಆಗಲಿಲ್ಲ ಅಂತ ಹೇಳಿದರೆ ನಾನೂ ತಪ್ಪು ಮಾಡಿದಂತೆ. ಪೆಟ್ಟು ಬಿದ್ದದ್ದು ಕಪ್ಪು ಸಮುದ್ರಕ್ಕೆ, ಜಿನೋವಾದವರಿಗೆ. ಅಲ್ಲಿಂದ ಅವರಿಗೆ ಬರುತ್ತಿದ್ದದ್ದು ಧಾನ್ಯ, ಮೀನು, ಗುಲಾಮರು, ರೇಷ್ಮೆ. ಬಟ್ಟೆಗೆ ಬಣ್ಣ ಹಿಡಿಸಲು ಬೇಕಾದ ಪಟಿಕ ಏಜಿಯನ್ ದಡದ ಫೊಕಾಯಿಯಾ ಗಣಿಗಳಿಂದ ಬರುತ್ತಿತ್ತು. ಆ ಗಣಿಗಳು 1455ರಲ್ಲಿ ತುರ್ಕರ ಪಾಲಾದವು. 1475ರಲ್ಲಿ ಕಾಫಾ ಕೂಡ ಹೋಯಿತು. ಪಟಿಕದ ಚಿಂತೆ ಬೇಗ ತೀರಿತು. 1461ರ ಸುಮಾರಿಗೆ ಪೋಪರ ಸ್ವಂತ ನೆಲದಲ್ಲೇ, ರೋಮ್ ಹತ್ತಿರದ ಟೋಲ್ಫಾ ಬೆಟ್ಟಗಳಲ್ಲಿ ಪಟಿಕ ಸಿಕ್ಕಿಬಿಟ್ಟಿತು. ಕಪ್ಪು ಸಮುದ್ರದ ವ್ಯಾಪಾರಕ್ಕೆ ಅಂಥ ಬದಲಿ ಸಿಗಲಿಲ್ಲ. ಜಿನೋವಾದ ದುಡ್ಡು, ನಾವಿಕರು, ಸಕ್ಕರೆ ತೋಟದ ಅನುಭವ ಎಲ್ಲ ಪಶ್ಚಿಮಕ್ಕೆ ಸರಿಯುವುದು ಮೊದಲೇ ಶುರುವಾಗಿತ್ತು, ಈಗ ಜೋರಾಯಿತು. ಸೆವಿಲ್, ಲಿಸ್ಬನ್, ಮಡೈರಾ ದ್ವೀಪ. ಆ ಸಾಲಿನಲ್ಲೇ ಲಿಸ್ಬನ್‌ಗೆ ಹೋಗಿ ಸೇರಿದ ಒಬ್ಬ ಜಿನೋವಾದ ಹುಡುಗನ ಹೆಸರು ಕ್ರಿಸ್ಟೋಫರ್ ಕೊಲಂಬಸ್. ಹಾಗಾಗಿ 1453ಕ್ಕೂ ಯುರೋಪಿನ ಸಮುದ್ರಯಾನಕ್ಕೂ ನಂಟಿದೆ. ಪಾಠ ಹೇಳುವಷ್ಟು ನೇರವಾಗಿಲ್ಲ ಅಷ್ಟೇ. ಭಾರತಕ್ಕಿಂತ ಅಮೆರಿಕದ ಕಡೆಗೇ ಅದು ಜಾಸ್ತಿ ವಾಲುತ್ತದೆ.

ಇದೇ ಪತನದಿಂದ ಗ್ರೀಕ್ ಪಂಡಿತರು ಇಟಲಿಗೆ ಓಡಿಬಂದು ಪುನರುಜ್ಜೀವನ ಶುರುವಾಯಿತು ಅಂತಲೂ ಕೆಲವು ಪುಸ್ತಕಗಳಲ್ಲಿ ಓದಿರುತ್ತೀರಿ. ಕ್ರಿಸೊಲೊರಾಸ್ ಎಂಬ ಗ್ರೀಕ್ ಪಂಡಿತ ಫ್ಲಾರೆನ್ಸ್‌ನಲ್ಲಿ ಪಾಠ ಶುರು ಮಾಡಿದ್ದು 1397ರಲ್ಲಿ. ಅಷ್ಟು ಸಾಕು.

ಇಷ್ಟು ದುರ್ಬಲ ಕಥೆ ಇಷ್ಟು ಕಾಲ ಹೇಗೆ ಉಳಿಯಿತು ಅಂತ ನಿಮಗೆ ಅನ್ನಿಸಬಹುದು. ಅದಕ್ಕೆ ಒಂದು ತಾರೀಖಿದೆ, ಒಂದು ಊರಿದೆ, ಒಬ್ಬ ಖಳನಾಯಕ ಇದ್ದಾನೆ. ನಾಲ್ಕು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದ ಹಾಗಿದೆ. ಜೊತೆಗೆ, ಪಾಪ, ಯುರೋಪಿನವರಿಗೆ ಬೇರೆ ದಾರಿಯೇ ಇರಲಿಲ್ಲ ಅನ್ನುವ ಧ್ವನಿಯೂ ಅದರಲ್ಲಿದೆ. ಲಾಭದ ಆಸೆಗೆ ಫಿರಂಗಿ ಕಟ್ಟಿಕೊಂಡು ಬಂದರು ಅನ್ನುವುದಕ್ಕಿಂತ ಇದು ಕೇಳಲು ಸಭ್ಯವಾಗಿದೆ.

ಪರೀಕ್ಷೆಯ ವಿಷಯ. ಪುಸ್ತಕದಲ್ಲಿ ಇರುವುದನ್ನೇ ಬರೆಯಲು ಹೇಳಿ. ಮೌಲ್ಯಮಾಪನ ಮಾಡುವವರ ಕೈಯಲ್ಲಿ ಮಾದರಿ ಉತ್ತರ ಇರುತ್ತದೆ. ಅವರಿಗೆ ಕಟ್ಟು ಬೇಗ ಮುಗಿಸುವ ಅವಸರ. ಮಗುವಿನ ಅಂಕ ಯಾಕೆ ಕಳೆಯಬೇಕು? ಆದರೆ ಅವಳ ಆ ಮ್ಯಾಪ್ ಇದೆಯಲ್ಲ, ಅದರಲ್ಲಿ ಮೂರು ಬಣ್ಣದ ಗೆರೆ ಎಳೆಯಲು ಹೇಳಿ. ಕೆಂಪು ಸಮುದ್ರದ್ದು ಒಂದು, ಹೊರ್ಮುಜ್–ಬೈರೂತ್ ಒಂದು, ಆಫ್ರಿಕಾ ಸುತ್ತಿದ್ದು ಒಂದು. ಬೀದರಿಗೂ ಬುರ್ಸಾಕ್ಕೂ ಒಂದೊಂದು ಚುಕ್ಕೆ ಇಡಲಿ. ಕ್ಲಾಸಿನಲ್ಲಿ ಟೀಚರ್‌ಗೆ ತೋರಿಸಿದರೆ ಅವರು ಬೈಯಲಾರರು ಅಂತ ನನ್ನ ನಂಬಿಕೆ. ಬೈದರೆ ನನಗೆ ಇನ್ನೊಂದು ಪತ್ರ ಬರೆಯಿರಿ.